ನಡುಗುವ ಉಂಗುರಗಳು

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಮಂಗಳೂರಿನ ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಎರಡನೇ ವರ್ಷದ ಬಿಎಸ್ಸಿ ಹುಡುಗಿಯೊಬ್ಬಳು, ಬೆಳಕಿನ ಅಲೆಗಳಿಂದ ಉದ್ದ ಅಳೆಯುವ ಮೈಕೆಲ್ಸನ್ ಇಂಟರ್‌ಫೆರೋಮೀಟರಿನ ಮುಂದೆ ಅರ್ಧ ಗಂಟೆಯಿಂದ ಕೂತಿದ್ದಳು. ಗೋಡೆಗೆ ಅಂಟಿಸಿದ ಬಿಳಿ ಹಾಳೆಯ ಮೇಲೆ ಕೆಂಪು ಉಂಗುರಗಳು, ಒಂದರೊಳಗೊಂದು. ಅವಳ ಕೆಲಸ ಇಷ್ಟೇ: ಮೈಕ್ರೋಮೀಟರ್ ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ, ನಡುವಿನಿಂದ ಹುಟ್ಟಿ ಹೊರಗೆ ಸರಿಯುವ ಉಂಗುರಗಳನ್ನು ನೂರರ ತನಕ ಎಣಿಸಬೇಕು.

"ಮೇಡಂ, ನಾನು ಮುಟ್ಟಲೇ ಇಲ್ಲ. ಆದರೂ ನಡುಗ್ತಾ ಉಂಟು."

ಹೋಗಿ ನೋಡಿದೆ. ಫ್ಯಾನ್ ನಿಲ್ಲಿಸಿದೆವು, ನಡುಕ ಸ್ವಲ್ಪ ತಗ್ಗಿತು. ಕೆಳಗಿನ ರಸ್ತೆಯ ಏರಿನಲ್ಲಿ ಟಿಪ್ಪರ್ ಲಾರಿಯೊಂದು ಗೇರ್ ಬದಲಿಸಿದಾಗ ಉಂಗುರಗಳು ಪೂರ್ತಿ ಕದಡಿಹೋಗಿ ಮತ್ತೆ ಕೂಡಿಕೊಂಡವು. ಬೆಳಕು ಹಾಯುವ ದಾರಿಯ ಕೆಳಗೆ ಅಂಗೈ ಹಿಡಿಯಲು ಅವಳಿಗೆ ಹೇಳಿದೆ, ಏನನ್ನೂ ಮುಟ್ಟದೆ. ಕೈಯ ಬಿಸಿಗೆ ಗಾಳಿ ಬೆಚ್ಚಗಾಯಿತು; ಹಾಳೆಯ ಮೇಲೆ ಉಂಗುರಗಳು ಒಂದು ಬದಿಗೆ ಉಬ್ಬಿಕೊಂಡವು. ಅವಳು ಕೈ ಹಿಂದೆಗೆದುಕೊಂಡು ಕೇಳಿದಳು: "ಇಷ್ಟಕ್ಕೆಲ್ಲ ಅಲುಗಾಡುವುದಾದರೆ ಇದರಿಂದ ಅಳೆಯುವುದು ಹೇಗೆ ಮೇಡಂ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಲೇಸರ್ ಬಳಸಿ ಪರಮಾಣುವಿಗಿಂತ ಸಣ್ಣ ಚಲನೆಯನ್ನು ಬಾಹ್ಯಾಕಾಶದಲ್ಲಿ ಅಳೆದಿದ್ದಾರೆ ಎಂದು ಓದಿದಾಗ ನಮಗೆ ಮೊದಲು ಹೊಳೆಯುವುದು ಲೇಸರಿನ ಶಕ್ತಿ. ಆದರೆ ಲೇಸರ್ ಆ ಕತೆಯ ಸುಲಭದ ಭಾಗ. ಕಷ್ಟವಿರುವುದು ಅಳೆಯಬೇಕಾದ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಸುಮ್ಮನಿರಿಸುವುದರಲ್ಲಿ. ಆ ಹುಡುಗಿ ಕೈಯಿಟ್ಟದ್ದು ಸರಿಯಾಗಿ ಅಲ್ಲಿಗೇ.

ಮೊದಲು ಉಂಗುರ ಎಲ್ಲಿಂದ ಬರುತ್ತದೆ ನೋಡೋಣ. ಮಂಗಳೂರಿನ ದಕ್ಕೆಯಲ್ಲಿ ಬೋಟುಗಳ ನಡುವಿನ ನೀರನ್ನು ಗಮನಿಸಿದ್ದೀರಾದರೆ, ಚೆಲ್ಲಿದ ಡೀಸೆಲ್ ತೆಳ್ಳಗೆ ಹರಡಿ ಹಸಿರು, ನೇರಳೆ, ಹಳದಿ ಪಟ್ಟೆಗಳಾಗಿ ಹೊಳೆಯುವುದನ್ನು ಕಂಡಿರುತ್ತೀರಿ. ಡೀಸೆಲಿಗೆ ಆ ಬಣ್ಣವಿಲ್ಲ, ನೀರಿಗೂ ಇಲ್ಲ. ಡೀಸೆಲಿನ ಪದರದ ಮೇಲ್ಮೈಯಿಂದ ಸ್ವಲ್ಪ ಬೆಳಕು ಮರಳುತ್ತದೆ, ತಳದಿಂದ ಇನ್ನು ಸ್ವಲ್ಪ. ಬೆಳಕು ಅಲೆ. ಹೀಗೆ ಮರಳಿದ ಎರಡು ಅಲೆಗಳು ಉಬ್ಬಿಗೆ ಉಬ್ಬು ಸೇರಿದರೆ ಆ ಬಣ್ಣ ಬೆಳಗುತ್ತದೆ. ಉಬ್ಬಿಗೆ ತಗ್ಗು ಬಂದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಯಾವ ಬಣ್ಣ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ತೀರ್ಮಾನಿಸುವುದು ಪದರದ ದಪ್ಪ. ಆ ದಪ್ಪವಾದರೋ ಕೆಲವು ನೂರು ನ್ಯಾನೊಮೀಟರ್, ಕೂದಲಿನ ನೂರನೇ ಒಂದು ಭಾಗದ ಆಸುಪಾಸು. ಕಣ್ಣಿಗೆ ಎಂದೂ ಕಾಣದ ದಪ್ಪವನ್ನು ದಕ್ಕೆಯ ಕೊಳಕು ನೀರು ಬಣ್ಣದಲ್ಲಿ ಬರೆದು ತೋರಿಸುತ್ತಿರುತ್ತದೆ. ಇದೇ ವ್ಯತಿಕರಣ. ಪಾಠ ಮಾಡುವಾಗ ನಾನು ಶುರು ಮಾಡುವುದು ಇಲ್ಲಿಂದಲೇ.

ಅಮೆರಿಕದ ಭೌತವಿಜ್ಞಾನಿ ಮೈಕೆಲ್ಸನ್ ಮಾಡಿದ್ದು ಇದನ್ನೇ, ಪಳಗಿಸಿದ ರೂಪದಲ್ಲಿ. ಅರೆಬೆಳ್ಳಿ ಲೇಪದ ಒಂದು ಗಾಜು ಬೆಳಕನ್ನು ಎರಡಾಗಿ ಸೀಳುತ್ತದೆ. ಒಂದು ಪಾಲು ಒಂದು ಕನ್ನಡಿಗೆ, ಇನ್ನೊಂದು ಪಾಲು ಅಡ್ಡ ದಿಕ್ಕಿನ ಇನ್ನೊಂದು ಕನ್ನಡಿಗೆ ಹೋಗಿ, ಹಿಂದಿರುಗಿ ಅದೇ ಗಾಜಿನಲ್ಲಿ ಕೂಡುತ್ತವೆ. ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗಾಂತರ. ಒಂದು ಕನ್ನಡಿ ಅರ್ಧ ತರಂಗಾಂತರದಷ್ಟು ಸರಿದರೆ ಹೋಗಿ ಬರುವ ದಾರಿ ಪೂರ್ತಿ ಒಂದು ತರಂಗಾಂತರ ಬದಲಾಗುತ್ತದೆ. ಆಗ ಒಂದು ಉಂಗುರ ಹುಟ್ಟುತ್ತದೆ ಅಥವಾ ಮುಳುಗುತ್ತದೆ. ನಮ್ಮ ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ 632.8 ನ್ಯಾನೊಮೀಟರ್. ನೂರು ಉಂಗುರ ಎಣಿಸಿದರೆ ಕನ್ನಡಿ ಸರಿದದ್ದು 31.64 ಮೈಕ್ರೋಮೀಟರ್, ಕೂದಲಿನ ಅರ್ಧ ದಪ್ಪವೂ ಆಗಲಿಕ್ಕಿಲ್ಲ. ಅಳತೆಗೋಲಿನ ಗೆರೆಗಳನ್ನು ಯಾರೂ ಕೊರೆಯಬೇಕಾಗಿಲ್ಲ, ಬೆಳಕೇ ಕೊರೆದುಕೊಂಡು ಬಂದಿರುತ್ತದೆ. 1960ರಿಂದ 1983ರ ವರೆಗೆ ಜಗತ್ತಿನ ಮೀಟರ್ ಎಂಬ ಅಳತೆಯನ್ನೇ ಕ್ರಿಪ್ಟಾನ್ ಬೆಳಕಿನ 16,50,763.73 ತರಂಗಾಂತರಗಳು ಎಂದು ಇಟ್ಟುಕೊಂಡಿದ್ದರು.

ನಡುಕದ ಕಾಟ ಮೈಕೆಲ್ಸನ್‌ಗೂ ತಪ್ಪಲಿಲ್ಲ. 1881ರಲ್ಲಿ ಜರ್ಮನಿಯಲ್ಲಿದ್ದ ಅವರು ತಮ್ಮ ಮೊದಲ ಉಪಕರಣವನ್ನು ಬರ್ಲಿನ್ನಿನಲ್ಲಿ ಹೂಡಿದಾಗ ನಡುರಾತ್ರಿಯಲ್ಲೂ ಬೀದಿಯ ಗಾಡಿಗಳ ಅದುರು ಬಿಡಲಿಲ್ಲ. ಪಾಟ್ಸ್‌ಡ್ಯಾಮಿನ ವೀಕ್ಷಣಾಲಯದ ನೆಲಮಾಳಿಗೆಗೆ ಒಯ್ದರು. ಅಲ್ಲಿಯೂ ನೂರು ಮೀಟರ್ ದೂರದಲ್ಲಿ ಯಾರಾದರೂ ನೆಲಕ್ಕೆ ಕಾಲು ಬಡಿದರೆ ಪಟ್ಟಿಗಳು ಮಾಯವಾಗುತ್ತಿದ್ದವು. ಆರು ವರ್ಷದ ಬಳಿಕ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಹೋದ್ಯೋಗಿ ಮೋರ್ಲಿ ಜೊತೆ ಸೇರಿ ಮಾಡಿದ ಪ್ರಯೋಗದಲ್ಲಿ ಇಡೀ ಉಪಕರಣವನ್ನು ದೊಡ್ಡದೊಂದು ಕಲ್ಲುಚಪ್ಪಡಿಯ ಮೇಲಿಟ್ಟು, ಚಪ್ಪಡಿಯನ್ನು ಪಾದರಸದಲ್ಲಿ ತೇಲಿಸಿದರು. ನೆಲದಿಂದ ಬಿಡಿಸಿಕೊಳ್ಳುವ ಆಸೆ ಈ ವಿದ್ಯೆಗೆ ಹುಟ್ಟಿನಿಂದಲೇ ಇತ್ತು. ಬಾಹ್ಯಾಕಾಶಕ್ಕೆ ಹೋದದ್ದು ಅದರ ಮುಂದುವರಿಕೆ ಎಂದೇ ನನಗೆ ಅನಿಸುತ್ತದೆ.

ಉಂಗುರ ಎಣಿಸಿದರೆ ಸಿಗುವುದು ನೂರಾರು ನ್ಯಾನೊಮೀಟರಿನ ಮೆಟ್ಟಿಲು. ಅದಕ್ಕಿಂತ ಕೆಳಗಿಳಿಯಬೇಕಾದರೆ ಒಂದೇ ಉಂಗುರದ ಒಳಗೆ ನಾವು ಎಲ್ಲಿದ್ದೇವೆ ಎಂದು ತಿಳಿಯಬೇಕು. ಹೊಳಪನ್ನು ನೋಡಿ ಅಂದಾಜು ಮಾಡಬಹುದು. ಆದರೆ ಲೇಸರ್ ತುಸು ಮಂಕಾದರೂ ಕನ್ನಡಿ ಸರಿದಂತೆಯೇ ಕಾಣುತ್ತದೆ. ಹೊಳಪು ಗರಿಷ್ಠವಿರುವ ಜಾಗದಲ್ಲಂತೂ ಕನ್ನಡಿ ಹಿಂದೆ ಹೋಯಿತೋ ಮುಂದೆ ಬಂತೋ ಗೊತ್ತೇ ಆಗುವುದಿಲ್ಲ. ಇಲ್ಲಿ ನೆರವಿಗೆ ಬರುವ ಉಪಾಯ ಸಂಗೀತ ಕಲಿತ ಎಲ್ಲರಿಗೂ ಗೊತ್ತಿರುವಂಥದ್ದು.

ಚಿಕ್ಕಂದಿನಲ್ಲಿ ಉಡುಪಿಯಲ್ಲಿ ಪಾಠಕ್ಕೆ ಹೋಗುತ್ತಿದ್ದಾಗ ನಮ್ಮ ಟೀಚರ್ ತಂಬೂರಿ ಶ್ರುತಿ ಮಾಡುವುದನ್ನು ಕೂತು ನೋಡುತ್ತಿದ್ದೆ. ನಡುವಿನ ಎರಡು ತಂತಿಗಳು ಒಂದೇ ಷಡ್ಜಕ್ಕೆ ಕೂಡಬೇಕು. ಇನ್ನೂ ಕೂಡದಿದ್ದಾಗ "ವಂ… ವಂ… ವಂ…" ಎಂದು ನಾದ ಏರಿ ಇಳಿಯುತ್ತಿತ್ತು. ಅವರು ಮಣಿಯನ್ನು ಕೂದಲೆಳೆಯಷ್ಟು ಜರುಗಿಸಿದಂತೆ ಆ ಏರಿಳಿತ ನಿಧಾನವಾಗುತ್ತಾ ಹೋಗಿ ಕೊನೆಗೆ ನಿಲ್ಲುತ್ತಿತ್ತು. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 201 ಸಲ ಕಂಪಿಸಿದರೆ ನಮಗೆ ಕೇಳುವುದು ಸೆಕೆಂಡಿಗೊಂದು ಏರಿಳಿತ. ಎರಡು ವೇಗದ ಕಂಪನಗಳ ನಡುವಿನ ವ್ಯತ್ಯಾಸ ಹೀಗೆ ನಿಧಾನದ ಲಯವಾಗಿ ಹೊರಗೆ ಬರುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ವಿಸ್ಪಂದನ ಎಂದು ಹೆಸರು.

ಬಾಹ್ಯಾಕಾಶದ ಉಪಕರಣಗಳಲ್ಲಿ ಸಾಮಾನ್ಯವಾಗಿ ಬಳಸುವ 1064 ನ್ಯಾನೊಮೀಟರಿನ ಅವಗೆಂಪು ಲೇಸರ್ ಸೆಕೆಂಡಿಗೆ ಸುಮಾರು 2.8 ಕೋಟಿ ಕೋಟಿ ಸಲ ಕಂಪಿಸುತ್ತದೆ. ಅದನ್ನು ನೇರವಾಗಿ ಹಿಂಬಾಲಿಸಬಲ್ಲ ವಿದ್ಯುನ್ಮಾನ ಯಾವುದೂ ಇಲ್ಲ. ಆದ್ದರಿಂದ ಎರಡು ಕಿರಣಗಳನ್ನು ಬೇಕೆಂದೇ ಒಂದಿಷ್ಟು ಅಪಶ್ರುತಿಯಲ್ಲಿ ಇಡುತ್ತಾರೆ, ಉದಾಹರಣೆಗೆ ಸೆಕೆಂಡಿಗೆ ಒಂದು ಸಾವಿರ ಕಂಪನಗಳ ವ್ಯತ್ಯಾಸದಲ್ಲಿ. ಎರಡೂ ಕೂಡಿದ ಕಡೆ ಬೆಳಕು ಸೆಕೆಂಡಿಗೆ ಸಾವಿರ ಸಲ ಮಿನುಗುತ್ತದೆ. ಸಾವಿರ ಹರ್ಟ್ಸ್ ಎಂದರೆ ನಮ್ಮ ಕಿವಿಗೂ ನಿಲುಕುವ ಸ್ವರ! ಕನ್ನಡಿ ಅರ್ಧ ತರಂಗಾಂತರ ಸರಿದರೆ ಈ ಮಿನುಗಿನ ಲಯ ಪೂರ್ತಿ ಒಂದು ಸುತ್ತು ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಮುಂದಕ್ಕೆ ಜಾರಿದರೆ ಒಂದು ದಿಕ್ಕು, ಹಿಂದಕ್ಕೆ ಜಾರಿದರೆ ಇನ್ನೊಂದು. ಕನ್ನಡಿಯ ಚಲನೆಯೆಲ್ಲ ಒಂದು ನಿಧಾನವಾದ ತಾಳದ ಜಾರುವಿಕೆಯಾಗಿ ನಮ್ಮ ಕೈಗೆ ಸಿಕ್ಕಂತಾಯಿತು. ತಾಳ ಎಷ್ಟು ಜಾರಿತು ಎಂಬುದನ್ನು ಅಳೆಯುವುದರಲ್ಲಿ ವಿದ್ಯುನ್ಮಾನಕ್ಕೆ ಪಳಗಿದ ಕೈ ಇದೆ. ಹೊಳಪು ಹೆಚ್ಚುಕಮ್ಮಿಯಾದರೂ ತಾಳ ಕೆಡುವುದಿಲ್ಲ.

ಈ ಉಪಾಯವನ್ನು ಅದರ ಮಿತಿಯ ತನಕ ಒಯ್ದದ್ದು ಪರೀಕ್ಷೆಗೆಂದು ಹಾರಿಸಿದ ಬಾಹ್ಯಾಕಾಶ ನೌಕೆ ಲೀಸಾ ಪಾತ್‌ಫೈಂಡರ್. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇದನ್ನು 2015ರ ಡಿಸೆಂಬರ್ 3ರಂದು ಫ್ರೆಂಚ್ ಗಯಾನಾದ ಕೌರೂದಿಂದ ಹಾರಿಸಿತು. ಅದು ಹೋಗಿ ನೆಲೆ ನಿಂತದ್ದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತ; ಸೂರ್ಯ-ಭೂಮಿಗಳ ಸೆಳೆತ ಹೊಂದಿಕೊಂಡು ನೌಕೆಯೊಂದು ಭೂಮಿಯ ಜೊತೆಜೊತೆಗೇ ಸಾಗಬಲ್ಲ ಜಾಗ ಅದು. ನಮ್ಮ ಆದಿತ್ಯ-ಎಲ್1 ಈಗ ಸುತ್ತುತ್ತಿರುವುದೂ ಅದೇ ಬಿಂದುವನ್ನು. ಆದಿತ್ಯ ರೂಪುಗೊಂಡ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಯು. ಆರ್. ರಾವ್ ಅವರ ಹೆಸರಿದೆ. ಅವರು 1932ರಲ್ಲಿ ಹುಟ್ಟಿದ್ದು ಇಲ್ಲೇ, ಉಡುಪಿಯ ಬಳಿಯ ಅದಮಾರಿನಲ್ಲಿ. ಕರಾವಳಿಯ ಮಕ್ಕಳಿಗೆ ಇದನ್ನು ಹೇಳುವ ಅವಕಾಶ ಸಿಕ್ಕಿದಾಗಲೆಲ್ಲ ನಾನು ಹೇಳುತ್ತೇನೆ.

ಪಾತ್‌ಫೈಂಡರಿನ ಹೃದಯದಲ್ಲಿ ಎರಡು ಲೋಹದ ಘನಗಳಿದ್ದವು, ಚಿನ್ನ ಮತ್ತು ಪ್ಲಾಟಿನಂ ಬೆರೆಸಿ ಮಾಡಿದವು. ಒಂದೊಂದೂ 46 ಮಿಲಿಮೀಟರ್ ಅಗಲ, ಸುಮಾರು ಎರಡು ಕಿಲೋ ತೂಕ. ಚಿನ್ನವನ್ನು ಆಯಸ್ಕಾಂತ ಅತಿ ಮೆಲ್ಲಗೆ ದೂರ ತಳ್ಳುತ್ತದೆ, ಪ್ಲಾಟಿನಮನ್ನು ಅತಿ ಮೆಲ್ಲಗೆ ಸೆಳೆಯುತ್ತದೆ. ಹದವಾಗಿ ಬೆರೆಸಿದರೆ ಎರಡೂ ಒಂದನ್ನೊಂದು ತೊಡೆದುಹಾಕಿ, ಕಾಂತಬಲಕ್ಕೆ ಹೆಚ್ಚುಕಡಿಮೆ ಕಿವುಡಾದ ಲೋಹ ಸಿಗುತ್ತದೆ. ಸುಮ್ಮನಿರಿಸುವ ಕೆಲಸ ಎರಕದ ಮನೆಯಿಂದಲೇ ಶುರುವಾಗಿತ್ತು. ಹಾರುವಾಗ ಈ ಘನಗಳನ್ನು ಬಿಗಿಯಾಗಿ ಹಿಡಿದಿಟ್ಟು, ನೆಲೆ ಸೇರಿದ ಮೇಲೆ ಸುತ್ತ ಕೆಲವೇ ಮಿಲಿಮೀಟರ್ ಖಾಲಿ ಜಾಗ ಬಿಟ್ಟು ತೇಲಲು ಬಿಟ್ಟರು. ಎರಡರ ನಡುವೆ 38 ಸೆಂ.ಮೀ. ಆ ಅಂತರ ಎಷ್ಟು ಬದಲಾಗುತ್ತದೆ ಎಂಬುದೊಂದೇ ಪ್ರಶ್ನೆ.

ಅಂತರವನ್ನು ಓದುವ ಲೇಸರ್ ಪೀಠ ನಡುವೆ ಇತ್ತು. ಸುಮಾರು 20 ಸೆಂ.ಮೀ. ಚೌಕದ ಗಾಜಿನಂಥ ಒಂದು ಹಲಗೆ, ಅದರ ಮೇಲೆ ಪುಟ್ಟ ಪುಟ್ಟ ಕನ್ನಡಿಗಳೂ ಬೆಳಕು ಸೀಳುವ ಗಾಜುಗಳೂ ಸೇರಿ 22. ಹಲಗೆ ಯಾವುದರದ್ದು ಎಂಬುದು ಇಲ್ಲಿ ಬಹಳ ಮುಖ್ಯ. ಅಲ್ಯೂಮಿನಿಯಮಿನದ್ದಾಗಿದ್ದರೆ ಏನಾಗುತ್ತಿತ್ತು, ಲೆಕ್ಕ ಹಾಕಿ ನೋಡೋಣ. ಒಂದು ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ಮೀಟರಿಗೆ 23 ಮೈಕ್ರೋಮೀಟರ್ ಹಿಗ್ಗುತ್ತದೆ. 20 ಸೆಂ.ಮೀ. ಹಲಗೆ ಒಂದು ಡಿಗ್ರಿಯ ಸಾವಿರದ ಒಂದು ಭಾಗ ಬೆಚ್ಚಗಾದರೂ 4,600 ಪಿಕೊಮೀಟರ್ ಉದ್ದವಾಗುತ್ತದೆ. ಪಿಕೊಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯ ಒಂದು ಭಾಗ. ಜಲಜನಕದ ಪರಮಾಣುವೇ ನೂರು ಪಿಕೊಮೀಟರ್ ಆಜೂಬಾಜು. ಅಳೆಯಬೇಕಾದ್ದು ಕೆಲವೇ ಪಿಕೊಮೀಟರ್ ಆಗಿರುವಾಗ ಹಲಗೆಯೇ ಸಾವಿರಗಟ್ಟಲೆ ಹಿಗ್ಗಿದರೆ ಏನು ಪ್ರಯೋಜನ? ಆದ್ದರಿಂದ ಜೆರೋಡರ್ ಎಂಬ ಗಾಜು-ಪಿಂಗಾಣಿಯನ್ನು ಆರಿಸಿದರು. ಅದರ ಒಳಗೆ ಬಿಸಿಗೆ ಹಿಗ್ಗುವ ಗಾಜೂ ಬಿಸಿಗೆ ಕುಗ್ಗುವ ಸಣ್ಣ ಹರಳುಗಳೂ ಬೆರೆತಿರುತ್ತವೆ. ಅದೇ ಬಿಸಿಗೆ ಅದೇ ಅಳತೆಯ ಜೆರೋಡರ್ ಹಿಗ್ಗುವುದು ಹೆಚ್ಚೆಂದರೆ ನಾಲ್ಕು ಪಿಕೊಮೀಟರ್.

ಕನ್ನಡಿಗಳನ್ನು ಆ ಹಲಗೆಗೆ ಕೂರಿಸುವುದು ಹೇಗೆ? ತಿರುಪು ಬಿಗಿದರೆ ಒತ್ತಡ ಉಳಿಯುತ್ತದೆ. ಅಂಟು ಹಾಕಿದರೆ ಅದು ವರ್ಷಗಟ್ಟಲೆ ನಿಧಾನವಾಗಿ ಜರುಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಎರಡೂ ಮೈಗಳನ್ನು ನುಣುಪಾಗಿ ಉಜ್ಜಿ, ನಡುವೆ ಒಂದು ಹನಿ ಕ್ಷಾರದ ದ್ರಾವಣ ಇಟ್ಟು ಜೋಡಿಸಿದರು. ಕ್ಷಾರ ಎರಡೂ ಕಡೆಯ ಮೇಲ್ಮೈಯನ್ನು ತುಸು ಕರಗಿಸಿ ಅದರಿಂದಲೇ ಹೊಸ ಗಾಜಿನಂಥ ಬೆಸುಗೆ ಕಟ್ಟುತ್ತದೆ. ಹನಿ ಆರುವ ಮೊದಲು ಸಿಗುವ ಸ್ವಲ್ಪ ಹೊತ್ತಿನಲ್ಲಿ ಕನ್ನಡಿಯನ್ನು ಕೆಲವೇ ಮೈಕ್ರೋಮೀಟರಿನ ನಿಖರತೆಯಲ್ಲಿ ನಿಲ್ಲಿಸಬೇಕು, ಆಮೇಲೆ ಕೀಳಲು ಬರುವುದಿಲ್ಲ. ಕೈಕೆಲಸದ ಆ ಧೈರ್ಯವನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಇಷ್ಟಾದರೂ ಲೇಸರನ್ನು ಪೀಠಕ್ಕೆ ತರುವ ಗಾಜಿನ ನಾರಿನ ಎಳೆಗಳು ಬಿಸಿಗೆ, ಎಳೆತಕ್ಕೆ ಒಂದಿಷ್ಟು ಕದಲುತ್ತವೆ. ಅದನ್ನು ತಡೆಯಲು ಹೋಗದೆ ಕಳೆಯುವ ದಾರಿ ಹಿಡಿದರು. ಕಾರ್‌ಸ್ಟ್ರೀಟಿನ ಚಿನ್ನದಂಗಡಿಯಲ್ಲಿ ತೂಕ ಮಾಡುವುದನ್ನು ನೋಡಿ: ಗಾಳಿ ತಾಗದಂತೆ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿರುತ್ತದೆ. ಮೊದಲು ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಿಕೊಂಡು ಆಮೇಲೆ ಸರ ಇಡುತ್ತಾರೆ. ಪಾತ್‌ಫೈಂಡರಿನ ಹಲಗೆಯ ಮೇಲೆ ಇದ್ದದ್ದು ಒಂದಲ್ಲ, ನಾಲ್ಕು ಇಂಟರ್‌ಫೆರೋಮೀಟರ್. ಅವುಗಳಲ್ಲಿ ಒಂದು ಯಾವ ಘನವನ್ನೂ ನೋಡುತ್ತಿರಲಿಲ್ಲ. ಅದರ ಬೆಳಕು ಹಲಗೆಯ ಮೇಲಷ್ಟೇ ಸುತ್ತುತ್ತಿತ್ತು. ಎಳೆಗಳಲ್ಲಿ ಆದ ಏರುಪೇರು ನಾಲ್ಕರಲ್ಲೂ ಒಂದೇ ತೆರನಾಗಿ ಕಾಣುವುದರಿಂದ, ಈ ಖಾಲಿ ತಟ್ಟೆಯ ಓದನ್ನು ಉಳಿದವುಗಳಿಂದ ಕಳೆದರೆ ಘನದ ಚಲನೆಯಷ್ಟೇ ಉಳಿಯುತ್ತದೆ. ಇನ್ನೊಂದನ್ನು ಲೇಸರಿನ ಬಣ್ಣವೇ ತುಸು ಓಲಾಡುತ್ತದೆಯೇ ಎಂದು ಕಾಯಲು ಇಟ್ಟಿದ್ದರು. ಘನಗಳನ್ನು ಓದಲು ಉಳಿದದ್ದು ಎರಡೇ. ಕೆಲಸ ಮಾಡುವವರಷ್ಟೇ ಕಾವಲಿನವರು!

2016ರಲ್ಲಿ ಫಲಿತಾಂಶ ಬಂದಾಗ ಎರಡು ಘನಗಳ ನಡುವಿನ ಅಂತರವನ್ನು ಓದುವಲ್ಲಿ ಉಪಕರಣದ ಸ್ವಂತ ಗದ್ದಲ ಸುಮಾರು 35 ಫೆಮ್ಟೊಮೀಟರ್ ಮಟ್ಟಕ್ಕೆ ಇಳಿದಿತ್ತು, ಸೆಕೆಂಡಿನ ಆಸುಪಾಸಿನ ಅಲುಗಾಟಗಳ ಮಟ್ಟಿಗೆ. ಬೇಕೆಂದು ಗೊತ್ತುಮಾಡಿಕೊಂಡದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿತ್ತು ಅದು. ಫೆಮ್ಟೊಮೀಟರ್ ಎಂದರೆ ಪಿಕೊಮೀಟರಿನ ಸಾವಿರದ ಒಂದು ಭಾಗ. ಆ ಘನದಲ್ಲಿರುವ ಚಿನ್ನದ ಪರಮಾಣುವಿನ ನ್ಯೂಕ್ಲಿಯಸ್ಸೇ ಸುಮಾರು 14 ಫೆಮ್ಟೊಮೀಟರ್ ಅಗಲ. ಮಿನುಗಿನ ತಾಳದ ಭಾಷೆಯಲ್ಲಿ ಹೇಳುವುದಾದರೆ, ಒಂದು ಆವರ್ತದ ಒಂದೂವರೆ ಕೋಟಿಯ ಒಂದು ಭಾಗ ಜಾರಿದ್ದನ್ನು ಹಿಡಿದಂತೆ.

ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಘನದ ಮೇಲ್ಮೈಯಲ್ಲೇ ಪರಮಾಣುಗಳ ಉಬ್ಬುತಗ್ಗು ಇರುತ್ತದಲ್ಲ ಮೇಡಂ, ಅವು ಬಿಸಿಗೆ ಕುಣಿಯುತ್ತಲೂ ಇರುತ್ತವೆ. ಪರಮಾಣುವಿಗಿಂತ ಸಣ್ಣದನ್ನು ಅಳೆದೆವು ಎಂದರೆ ಅದಕ್ಕೆ ಅರ್ಥ ಎಂತ?" ನಾನು ಕಲಿಸಿದ ವರ್ಷಗಳಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಅದೊಂದು. ಉತ್ತರಕ್ಕೆ ಮಲ್ಪೆಯ ಕಡಲನ್ನು ನೆನೆಯಬೇಕು. ಅಲೆ ಒಂದು ಮೀಟರ್ ಏರಿ ಇಳಿಯುತ್ತಿದ್ದರೂ ಸಮುದ್ರಮಟ್ಟ ವರ್ಷಕ್ಕೆ ಕೆಲವು ಮಿಲಿಮೀಟರ್ ಏರುತ್ತಿದೆ ಎಂದು ಹೇಳಲು ಸಾಧ್ಯವಾಗುವುದು ಲೆಕ್ಕವಿಲ್ಲದಷ್ಟು ಅಲೆಗಳ ಸರಾಸರಿ ತೆಗೆಯುವುದರಿಂದ. ಲೇಸರ್ ಕಿರಣದ ಅಗಲ ಒಂದು ಮಿಲಿಮೀಟರ್ ಎಂದಿಟ್ಟುಕೊಂಡರೂ ಅದು ಒಂದೇ ಸಲಕ್ಕೆ ತಾಗುವ ಪರಮಾಣುಗಳು ಸುಮಾರು ಹತ್ತು ಲಕ್ಷ ಕೋಟಿ. ಒಂದೊಂದರ ಕುಣಿತ ಆ ಗುಂಪಿನಲ್ಲಿ ಕರಗಿಹೋಗುತ್ತದೆ. ಲೇಸರ್ ಓದುವುದು ಇಡೀ ಮುಖದ ಸರಾಸರಿ ಸ್ಥಾನವನ್ನು, ಮತ್ತು ಆ ಸರಾಸರಿ ಪರಮಾಣುವಿಗಿಂತ ಎಷ್ಟೋ ಸಣ್ಣ ಹೆಜ್ಜೆಯಲ್ಲಿ ಸರಿಯಬಲ್ಲದು.

ಇನ್ನು ಸೂರ್ಯನ ಬೆಳಕಿನ ಕಾಟ. ಬಿಸಿಲು ಸುಡುವುದಷ್ಟೇ ಅಲ್ಲ, ತಳ್ಳುತ್ತದೆ ಕೂಡ. ಪಾತ್‌ಫೈಂಡರಿನ ಮೇಲೆ ಆ ತಳ್ಳುವಿಕೆ ಒಂದು ಸೊಳ್ಳೆಯ ತೂಕದಷ್ಟು. ನೌಕೆ ಜರುಗುತ್ತದೆ, ಒಳಗಿನ ಘನಕ್ಕೆ ಬಿಸಿಲು ತಾಗದ ಕಾರಣ ಅದು ಜರುಗುವುದಿಲ್ಲ. ಹಾಗೇ ಬಿಟ್ಟರೆ ನೌಕೆಯ ಗೋಡೆ ಹೋಗಿ ಘನಕ್ಕೆ ತಾಗುತ್ತದೆ. ಲೇಸರ್ ಆ ಜರುಗುವಿಕೆಯನ್ನು ಕಂಡು ಪುಟ್ಟ ಅನಿಲದ ಚಿಮ್ಮುಗಳಿಗೆ ಹೇಳುತ್ತದೆ, ಅವು ನೌಕೆಯನ್ನು ಅಷ್ಟೇ ಹಿಂದಕ್ಕೆ ತರುತ್ತವೆ. ಘನವನ್ನು ನೌಕೆ ಹೊತ್ತೊಯ್ಯುವುದಲ್ಲ, ಘನ ಹೋದಲ್ಲಿಗೆ ನೌಕೆ ಹೋಗುವುದು. ಗರ್ಭಗುಡಿಯ ಮೂರ್ತಿಯನ್ನು ಅಲುಗಿಸದೆ ದೇವಸ್ಥಾನವೇ ಅದರ ಸುತ್ತ ಸರಿದುಕೊಂಡಂತೆ.

ಇದರಿಂದ ನಮಗೇನು ಎಂದು ಮನೆಯಲ್ಲಿ ಕೇಳುವವರಿದ್ದಾರೆ. ಉಡುಪಿಯ ಬಳಿ ನನ್ನ ತಾಯಿಮನೆಯಲ್ಲಿ ಮುರಕಲ್ಲು ಕಟ್ಟಿದ ಬಾವಿಯಿದೆ. ಶಿವರಾತ್ರಿ ಕಳೆದ ಮೇಲೆ ಅಮ್ಮ ಪ್ರತಿದಿನ ಬೆಳಿಗ್ಗೆ ಬಗ್ಗಿ ನೋಡಿ, ನೀರಿನ ಮೇಲೆ ಎಷ್ಟು ಸಾಲು ಕಲ್ಲು ಕಾಣುತ್ತದೆಂದು ಎಣಿಸುತ್ತಾರೆ. "ಇವತ್ತಿಗೆ ಹದಿನಾಲ್ಕೂವರೆ ಕಲ್ಲು ಕಾಣ್ತಾ ಉಂಟು, ಪಂಪು ಬೆಳಿಗ್ಗೆ ಮಾತ್ರ ಹಾಕು." ನನ್ನ ವಿದ್ಯಾರ್ಥಿನಿ ಉಂಗುರ ಎಣಿಸುವುದಕ್ಕೂ ಇದಕ್ಕೂ ಕ್ರಮದಲ್ಲಿ ವ್ಯತ್ಯಾಸವಿಲ್ಲ. ಅರ್ಧ ಕಲ್ಲನ್ನು ಅಂದಾಜಿಸುವುದು ಉಂಗುರದ ಒಳಗಿಳಿದಂತೆ.

ನಾಡಿನ ಬಾವಿಗಳನ್ನೆಲ್ಲ ಒಟ್ಟಿಗೆ ಬಗ್ಗಿ ನೋಡುವ ಜೋಡಿಯೊಂದು ಆಕಾಶದಲ್ಲಿದೆ. ಗ್ರೇಸ್ ಫಾಲೋ-ಆನ್ ಎಂಬ ಎರಡು ಉಪಗ್ರಹಗಳು 2018ರ ಮೇ 22ರಂದು ಹಾರಿದವು. ಅಮೆರಿಕ ಮತ್ತು ಜರ್ಮನಿಯ ಜಂಟಿ ಕೆಲಸ. ಸುಮಾರು 490 ಕಿ.ಮೀ. ಎತ್ತರದಲ್ಲಿ ಒಂದರ ಹಿಂದೆ ಒಂದು, ನಡುವೆ 220 ಕಿ.ಮೀ. ಅಂತರ. ಮಂಗಳೂರಿನಿಂದ ಕಾರವಾರಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ. ನೀರು ತುಂಬಿದ ಭಾರದ ನೆಲದ ಹತ್ತಿರ ಬಂದಾಗ ಮುಂದಿನದ್ದನ್ನು ಅದು ಮೊದಲು ಎಳೆದುಕೊಳ್ಳುತ್ತದೆ, ಅಂತರ ತುಸು ಹಿಗ್ಗುತ್ತದೆ. ಮುಂದಿನದ್ದು ದಾಟಿ ಹಿಂದಿನದ್ದು ಹತ್ತಿರ ಬಂದಾಗ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗನ್ನು ಜೋಡಿಸಿ ತಿಂಗಳಿಗೊಮ್ಮೆ ಭೂಮಿಯ ಭಾರದ ನಕ್ಷೆ ಬರೆಯುತ್ತಾರೆ. ಇದಕ್ಕೂ ಮೊದಲು 2002ರಿಂದ ಹಾರುತ್ತಿದ್ದ ಗ್ರೇಸ್ ಜೋಡಿ ಇದೇ ರೀತಿ ರಾಜಸ್ಥಾನ, ಪಂಜಾಬ್, ಹರಿಯಾಣಗಳು 2002ರಿಂದ 2008ರ ನಡುವೆ 109 ಘನ ಕಿ.ಮೀ. ಅಂತರ್ಜಲ ಕಳೆದುಕೊಂಡದ್ದನ್ನು ತೋರಿಸಿತ್ತು. ಕನ್ನಂಬಾಡಿ ಕಟ್ಟೆಯನ್ನು ಸುಮಾರು 78 ಸಲ ತುಂಬಿಸುವಷ್ಟು ನೀರು ಅದು.

ಹಳೆಯ ಜೋಡಿ ಅಂತರವನ್ನು ಸೂಕ್ಷ್ಮತರಂಗಗಳಿಂದ ಅಳೆಯುತ್ತಿತ್ತು, ಮೈಕ್ರೋಮೀಟರಿನ ಮಟ್ಟಕ್ಕೆ. ಹೊಸ ಜೋಡಿಯಲ್ಲಿ ಅದರ ಜೊತೆಗೆ ಲೇಸರ್ ಇಂಟರ್‌ಫೆರೋಮೀಟರನ್ನೂ ಪರೀಕ್ಷೆಗೆಂದು ಸೇರಿಸಿದರು. ಎರಡು ಬೇರೆ ಬೇರೆ ನೌಕೆಗಳ ನಡುವೆ ಅಂಥದ್ದು ಇದೇ ಮೊದಲು. ಅದು ನ್ಯಾನೊಮೀಟರಿನ ಮಟ್ಟಕ್ಕೆ ಇಳಿಯಿತು: ಕಾರವಾರದಷ್ಟು ದೂರದಲ್ಲಿ ಹತ್ತು ಪರಮಾಣು ಸಾಲಾಗಿ ನಿಂತಷ್ಟು ಬದಲಾದರೂ ಗೊತ್ತಾಗುತ್ತದೆ. ಮೊದಲ ಸಲ ಒಂದರ ಕಿರಣ ಇನ್ನೊಂದಕ್ಕೆ ಸಿಗುವಂತೆ ಮಾಡಲು ಹಲವು ಗಂಟೆ ಹುಡುಕಬೇಕಾಯಿತು. ಕಾಪು ದೀಪಸ್ತಂಭದ ಬೆಳಕಿನಂತೆ ಹರಡಿಕೊಂಡು ಬರುವುದಲ್ಲ ಇದು. ಅಷ್ಟು ದೂರ ಹೋದರೂ ಕಿರಣದ ಅಗಲ ಹತ್ತಾರು ಮೀಟರ್ ಮಾತ್ರ, ಹಿಡಿಯುವ ಕಣ್ಣೋ ಸೆಂಟಿಮೀಟರಿನದ್ದು.

ಹೀಗೆ ಹೋದ ಬೆಳಕನ್ನು ಕನ್ನಡಿಯಿಂದ ಹಿಂದಕ್ಕೆ ಕಳಿಸಿದರೆ ಬರುವಷ್ಟರಲ್ಲಿ ಏನೂ ಉಳಿಯದು. ನೇಜಿ ನೆಡುವಾಗ ಹೆಂಗಸರು ಓಬೇಲೆ ಹಾಡುವುದನ್ನು ಕೇಳಿದವರಿಗೆ ಪರಿಹಾರ ಗೊತ್ತಿದೆ. ಗದ್ದೆಯ ಈ ತುದಿಯಲ್ಲಿ ಒಬ್ಬರು ಎತ್ತಿದ ಸಾಲು ಆ ತುದಿಗೆ ಕ್ಷೀಣವಾಗಿ ಮುಟ್ಟುತ್ತದೆ. ಅಲ್ಲಿಯವರು ಅದನ್ನು ಕೇಳಿ, ಅದೇ ಶ್ರುತಿ ಹಿಡಿದು, ತಮ್ಮ ತುಂಬುದನಿಯಲ್ಲಿ ಮರಳಿಸುತ್ತಾರೆ. ಆ ಕಡೆಯ ಉಪಗ್ರಹವೂ ಬಂದ ಮಂದ ಬೆಳಕಿನ ಅಲೆಗೆ ಅಲೆ ಹೊಂದಿಸಿ ತನ್ನದೇ ಲೇಸರನ್ನು ಹಿಂದಕ್ಕೆ ಬಿಡುತ್ತದೆ, ಒಂದು ಕೋಟಿ ಹರ್ಟ್ಸ್‌ನಷ್ಟು ಬೇಕೆಂದೇ ಸರಿಸಿ, ಇಲ್ಲಿ ತಾಳ ಹುಟ್ಟಲಿ ಎಂದು.

ಒಂದು ಮಾತು ಸೇರಿಸಲೇಬೇಕು. ಈ ಜೋಡಿ ಕೆಲವು ನೂರು ಕಿಲೋಮೀಟರ್ ಅಗಲದ ನೆಲವನ್ನು ಒಟ್ಟಾಗಿ ನೋಡುತ್ತದೆ. ದಕ್ಷಿಣ ಭಾರತ ಕಾಣುತ್ತದೆ, ನೇತ್ರಾವತಿ ಒಂದೇ ಬೇರೆಯಾಗಿ ಕಾಣುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ಹಗ್ಗ ಸುತ್ತಿಡುತ್ತಾ, "ಹಾಗಾದರೆ ನಮ್ಮ ಬಾವಿಯನ್ನು ನಾವೇ ನೋಡಿಕೊಳ್ಳಬೇಕು" ಎಂದರು. ಸರಿಯಾದ ತೀರ್ಮಾನ.

ಮುಂದಿರುವುದು, ಪಾತ್‌ಫೈಂಡರ್ ಯಾವುದಕ್ಕೆ ತಾಲೀಮಾಗಿತ್ತೋ ಆ ಲೀಸಾ. ಯುರೋಪಿನ ಸಂಸ್ಥೆ 2024ರ ಜನವರಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ, 2035ರಲ್ಲಿ ಹಾರಿಸುವ ಯೋಜನೆ. ಮೂರು ನೌಕೆಗಳು, ಒಂದರಿಂದ ಒಂದಕ್ಕೆ 25 ಲಕ್ಷ ಕಿ.ಮೀ., ಸೂರ್ಯನ ಸುತ್ತ ದೊಡ್ಡದೊಂದು ತ್ರಿಕೋನ. ಒಳಗೆ ಪಾತ್‌ಫೈಂಡರಿನಲ್ಲಿ ಇದ್ದಂಥ ಚಿನ್ನ-ಪ್ಲಾಟಿನಂ ಘನಗಳು. ಲಕ್ಷಾಂತರ ಸೂರ್ಯರ ತೂಕದ ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಕೂಡುವಾಗ ಏಳುವ ಗುರುತ್ವ ಅಲೆ, ಅಂದರೆ ದೇಶಕಾಲವೇ ಹಿಗ್ಗಿ ಕುಗ್ಗುವ ಅಲೆ, ಈ ಘನಗಳ ನಡುವಿನ ಅಂತರವನ್ನು ಪಿಕೊಮೀಟರುಗಳ ಲೆಕ್ಕದಲ್ಲಿ ಬದಲಿಸುತ್ತದೆ. ಎರಡು ವ್ಯಾಟಿನ ಲೇಸರ್ ಇನ್ನೊಂದು ನೌಕೆ ಮುಟ್ಟುವಾಗ ಸುಮಾರು 20 ಕಿ.ಮೀ. ಅಗಲಕ್ಕೆ ಹರಡಿ, ದೂರದರ್ಶಕದೊಳಗೆ ಬೀಳುವುದು ಒಂದು ವ್ಯಾಟಿನ ನೂರು ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಬೆಳಕಿಗೇ ಅಲ್ಲಿ ತಲುಪಲು ಎಂಟು ಸೆಕೆಂಡು ಬೇಕು. ತ್ರಿಕೋನದ ಬದಿಗಳು ಪೂರ್ತಿ ಸಮ ಇರುವುದಿಲ್ಲವಾದ್ದರಿಂದ ಒಂದೇ ಲೇಸರಿನ ಓಲಾಟ ಎರಡು ಬದಿಗಳಿಂದ ಬೇರೆ ಬೇರೆ ಹೊತ್ತಿಗೆ ಮರಳುತ್ತದೆ, ತಾನಾಗಿ ಅಳಿಯುವುದಿಲ್ಲ. ದಾಖಲೆಗಳನ್ನು ಭೂಮಿಗೆ ತಂದು, ಒಂದನ್ನು ಬೇಕಾದಷ್ಟು ಸೆಕೆಂಡು ತಡೆದು ಇನ್ನೊಂದಕ್ಕೆ ಕೂಡಿಸಿ, ಸಮ ಬದಿಗಳಿದ್ದಂತೆ ಲೆಕ್ಕದಲ್ಲೇ ಮಾಡಿಕೊಳ್ಳುತ್ತಾರೆ.

ಇಷ್ಟು ಕಷ್ಟಪಟ್ಟು ಅಷ್ಟು ದೂರ ಹೋಗುವುದು ಯಾಕೆ? 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಗುರುತ್ವ ಅಲೆಯನ್ನು ಹಿಡಿದದ್ದು ಭೂಮಿಯ ಮೇಲೆಯೇ, 4 ಕಿ.ಮೀ. ತೋಳುಗಳಿಂದ. ಅಂಥದ್ದೇ ಒಂದು ನಮ್ಮಲ್ಲಿಯೂ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಬರಲಿದೆ. ಆದರೆ ಅವು ಸೆಕೆಂಡಿಗೆ ಹತ್ತಾರು ಸಲಕ್ಕಿಂತ ವೇಗವಾಗಿ ಕಂಪಿಸುವ ಅಲೆಗಳನ್ನು ಮಾತ್ರ ಕೇಳಬಲ್ಲವು. ನಿಮಿಷಗಟ್ಟಲೆ, ಗಂಟೆಗಟ್ಟಲೆ ತೆಗೆದುಕೊಂಡು ಏರಿ ಇಳಿಯುವ ಅಲೆಗೆ ಭೂಮಿಯೇ ಅಡ್ಡಿ. ಈ ಅಡ್ಡಿ ಕರಾವಳಿಯವರಾದ ನಮ್ಮ ಕಾಲಡಿಯಲ್ಲೇ ಇದೆ. ಮಳೆಗಾಲದಲ್ಲಿ ಕಡಲಿನ ಅಲೆಗಳು ನೆಲಕ್ಕೆ ಕೊಡುವ ಒತ್ತು ಐದು-ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಮೆಲುನಡುಕವಾಗಿ ಒಳನಾಡಿಗೂ ಹಬ್ಬುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ಭೂಕಂಪಮಾಪಕ ಇಟ್ಟರೂ ಕಡಲಿನ ಈ ಸದ್ದು ಅದರಲ್ಲಿ ಇದ್ದೇ ಇರುತ್ತದೆ. ಮೈಕೆಲ್ಸನ್‌ಗೆ ಬರ್ಲಿನ್ನಿನ ಬೀದಿ ಹೇಗೋ, ಇವರಿಗೆ ಇಡೀ ಭೂಗೋಲ ಹಾಗೆ.

ಆ ಹುಡುಗಿಯ ಪ್ರಶ್ನೆಯ ಬಳಿಕ ನಮ್ಮ ಲ್ಯಾಬಿನಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ತಿರುಪು ಮುಟ್ಟುವ ಮೊದಲು ಹತ್ತು ನಿಮಿಷ ಯಾರೂ ಏನೂ ಮಾಡಬಾರದು. ಉಂಗುರ ನೋಡುತ್ತಾ ಕೂರಬೇಕು. ನಡುಗಿದಾಗಲೆಲ್ಲ ಹೊತ್ತು ಮತ್ತು ಕಾರಣ ಬರೆದಿಡಬೇಕು. ಅವಳ ರೆಕಾರ್ಡ್ ಪುಸ್ತಕದ ಆ ಪುಟ ನನ್ನ ಬಳಿ ಇದೆ. 2.14, ಕೆಳಗೆ ಬಸ್ಸು. 2.17, ನೀರಿನ ಪಂಪು ಶುರು. 2.19, ಮೆಟ್ಟಿಲಲ್ಲಿ ಯಾರೋ ಓಡಿದರು. 2.20, ನಾನು ಸೀನಿದೆ. ಕೊನೆಯ ಸಾಲು 2.23ರದ್ದು: ಮಳೆ ಜೋರು, ಸಣ್ಣ ನಡುಕ ನಿಲ್ಲುತ್ತಿಲ್ಲ, ಕಾರಣ ಗೊತ್ತಿಲ್ಲ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪದ, ಮುಂದೆ ಪ್ರಶ್ನಾರ್ಥಕ ಚಿಹ್ನೆ: ಕಡಲು?